ಡೂಕಿ ಚೇಸ್: ನ್ಯೂ ಆರ್ಲಿಯನ್ಸ್‌ನ ಕ್ರಿಯೋಲ್ ಊಟದ ಮನೆ

ಅಮೆರಿಕದ ಲೂಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಟ್ರೆಮೆ ಎಂಬುದು ಆಫ್ರಿಕನ್ ಅಮೆರಿಕನ್ನರ ಹಳೆಯ ಬಡಾವಣೆ. ಅಲ್ಲಿನ ಆರ್ಲಿಯನ್ಸ್ ಅವೆನ್ಯೂದಲ್ಲಿ 1941ರಿಂದ ಇರುವ ಹೋಟೆಲು ಡೂಕಿ ಚೇಸ್. ಮೊದಲು ಸ್ಯಾಂಡ್‌ವಿಚ್ ಮಾರುತ್ತಿದ್ದ ಸಣ್ಣ ಅಂಗಡಿ. ಮಾಲೀಕರ ಮನೆಗೆ ಸೊಸೆಯಾಗಿ ಬಂದ ಲೇಯಾ ಚೇಸ್ (1923–2019) ಅದನ್ನು ಬಿಳಿ ಮೇಜುಬಟ್ಟೆ ಹಾಸಿದ ಊಟದ ಮನೆಯಾಗಿಸಿದರು. ಕರಿಯರೂ ಬಿಳಿಯರೂ ಜೊತೆಗೆ ಕೂತು ಉಣ್ಣಬಾರದೆಂಬ ಕಾನೂನಿದ್ದ ಕಾಲದಲ್ಲಿ ನಾಗರಿಕ ಹಕ್ಕು ಚಳವಳಿಯವರು ಇದರ ಮಹಡಿಯ ಕೋಣೆಯಲ್ಲಿ ಒಟ್ಟಿಗೆ ಸೇರಿ, ಗಂಬೋ ಎಂಬ ಗಟ್ಟಿ ಸಾರು ಉಂಡು, ಮುಂದಿನ ಹೆಜ್ಜೆ ನಿರ್ಧರಿಸುತ್ತಿದ್ದರು. 2005ರ ಕತ್ರಿನಾ ಚಂಡಮಾರುತದ ನೆರೆನೀರು ಒಳಗೆ ನುಗ್ಗಿ ಎರಡು ವರ್ಷ ಬಾಗಿಲು ಮುಚ್ಚಬೇಕಾಯಿತು. ಗೋಡೆಗಳ ಮೇಲಿನ ಆಫ್ರಿಕನ್ ಅಮೆರಿಕನ್ ಕಲಾವಿದರ ಚಿತ್ರಗಳು ಮಾತ್ರ ಉಳಿದುಕೊಂಡವು. ಊಟಕ್ಕೆ ಕೂರುವ ಮುನ್ನ ಅವನ್ನು ಒಂದು ಸುತ್ತು ನೋಡುವುದು ಒಳ್ಳೆಯದು.

ಲೂಸಿಯಾನದ ಅಡುಗೆಯ ಮಾತು ಬಂದಾಗ ಕ್ರಿಯೋಲ್ ಮತ್ತು ಕೇಜನ್ ಎಂಬ ಹೆಸರುಗಳು ಸಾಮಾನ್ಯವಾಗಿ ಜೋಡಿಯಾಗಿ ಕೇಳಿಬಂದರೂ ಅಡುಗೆ ಬೇರೆ ಬೇರೆ. ಬ್ರಿಟಿಷರು 1755ರಿಂದ ಕೆನಡಾದ ನೋವಾ ಸ್ಕೋಷಿಯಾದಿಂದ ಹೊರದಬ್ಬಿದ ಫ್ರೆಂಚ್ ಮಾತಿನ ಅಕೇಡಿಯನ್ನರು ಲೂಸಿಯಾನದ ಜೌಗುನೆಲಗಳಲ್ಲಿ ನೆಲೆನಿಂತರು. ಕೇಜನ್ ಎಂದರೆ ಅವರ ಹಳ್ಳಿಯ, ಒಂದೇ ಪಾತ್ರೆಯ ಅಡುಗೆ. ಕ್ರಿಯೋಲ್ ನಗರದ್ದು: ಫ್ರೆಂಚ್, ಸ್ಪ್ಯಾನಿಷ್, ಆಫ್ರಿಕನ್ ಕೈಗಳು ಕೂಡಿ ಬೆಳೆಸಿದ್ದು, ಟೊಮೆಟೊ, ಬೆಣ್ಣೆಗಳ ಬಳಕೆ ಹೆಚ್ಚು. ಎರಡಕ್ಕೂ ಬುನಾದಿ ಈರುಳ್ಳಿ, ಸೆಲೆರಿ, ದಪ್ಪ ಮೆಣಸಿನಕಾಯಿ. ಡೂಕಿ ಚೇಸ್‌ನದು ಕ್ರಿಯೋಲ್. ಕೇಜನ್ ರುಚಿಯೇ ಬೇಕಾದವರು ಪಶ್ಚಿಮಕ್ಕೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಲಫಾಯೆಟ್ ಕಡೆ ಹೋಗಬೇಕು.

ಇಲ್ಲಿಗೆ ಬಂದವರು ಮೊದಲು ತರಿಸಬೇಕಾದದ್ದು ಗಂಬೋ. ಹಿಟ್ಟನ್ನು ಎಣ್ಣೆಯಲ್ಲಿ ಕಂದುಬಣ್ಣಕ್ಕೆ ಹುರಿದು, ಅದರಲ್ಲಿ ಸೀಗಡಿ, ಏಡಿ, ಸಾಸೇಜು, ಕೋಳಿಗಳನ್ನು ಬೇಯಿಸಿದ ಗಟ್ಟಿ ಸಾರು ಇದು. ಅನ್ನದ ಜೊತೆ ಬರುತ್ತದೆ. ಗಂಬೋ ಎಂಬ ಹೆಸರು ಬೆಂಡೆಕಾಯಿಯ ಆಫ್ರಿಕನ್ ಹೆಸರಿನಿಂದ ಬಂದದ್ದೆನ್ನುತ್ತಾರೆ, ಆದರೆ ಎಲ್ಲ ಗಂಬೋದಲ್ಲೂ ಬೆಂಡೆ ಇರುವುದಿಲ್ಲ. ಕರಿದ ಕೋಳಿಯೂ ಈ ಮನೆಯ ಹೆಸರುವಾಸಿ ತಿನಿಸು.

ಈಸ್ಟರ್ ಹಿಂದಿನ ಗುರುವಾರಕ್ಕೆ ಪ್ರಯಾಣ ಹೊಂದಿಸಿಕೊಳ್ಳಬಲ್ಲವರಿಗೆ ಸೊಪ್ಪಿನ ಗಂಬೋ ಸಿಗುತ್ತದೆ. ಸಾಸಿವೆ ಸೊಪ್ಪು, ಪಾಲಕ್, ಕೋಸು, ಬೀಟ್‌ರೂಟ್ ಎಲೆ ಎಂದು ಹಲವು ಬಗೆ ಸೇರುತ್ತವೆ. ಲೆಕ್ಕ ಬೆಸಸಂಖ್ಯೆಯಲ್ಲೇ ಇರಬೇಕೆಂಬುದು ಸಂಪ್ರದಾಯ. ಕಣ್ಣಿಗೆ ನಮ್ಮ ಬೆರಕೆ ಸೊಪ್ಪಿನ ಸಾರಿನಂತೆ ಕಂಡರೂ ಸಸ್ಯಾಹಾರಿಗಳು ಮೋಸಹೋಗಬಾರದು, ಅದರಲ್ಲಿ ಹಂದಿ, ದನ, ಕೋಳಿ ಮಾಂಸಗಳಿರುತ್ತವೆ. ಆ ದಿನದ ಜಾಗ ಬಹಳ ಮುಂಚೆಯೇ ತುಂಬುತ್ತದೆ.

ಸಸ್ಯಾಹಾರಿಗಳಿಗೆ ಈ ಅಡುಗೆ ಸುಲಭವಲ್ಲ. ಕೆಂಪು ರಾಜ್ಮಾ ಕಾಳಿನ ಪಲ್ಯದಂಥದ್ದಕ್ಕೂ ಹೊಗೆಯಾಡಿಸಿದ ಹಂದಿಮಾಂಸ, ಬೇಯಿಸಿದ ಸೊಪ್ಪಿಗೂ ಅದೇ. ಮಾಂಸದ ತುಂಡು ಕಾಣದಿದ್ದರೂ ಸಾರಿನ ನೀರು ಯಾವುದೆಂದು ಬಡಿಸುವವರನ್ನು ಕೇಳಿಯೇ ತರಿಸಬೇಕು. ಖಾರ ಮಾತ್ರ ಹೆದರುವಷ್ಟಿಲ್ಲ; ಬಾಟಲಿಯ ಖಾರದ ಸಾಸು ಮೇಜಿನ ಮೇಲಿರುತ್ತದೆ. ಗಂಬೋ ರುಚಿ ನೋಡುವ ಮೊದಲೇ ಅದನ್ನು ಸುರಿದುಕೊಂಡ ಬರಾಕ್ ಒಬಾಮಾ ಲೇಯಾ ಚೇಸ್‌ರಿಂದ ಗದರಿಸಿಕೊಂಡದ್ದು ಊರಿಗೆಲ್ಲ ಗೊತ್ತು.

ಪ್ರವಾಸಿಗರು ತಂಗುವ ಫ್ರೆಂಚ್ ಕ್ವಾರ್ಟರ್‌ನಿಂದ ಟ್ಯಾಕ್ಸಿಯಲ್ಲಿ ಕೆಲವೇ ನಿಮಿಷದ ದಾರಿ. ವಾರದ ಎಲ್ಲ ದಿನವೂ ತೆರೆದಿರುವುದಿಲ್ಲ, ರಾತ್ರಿಯೂಟ ವಾರಾಂತ್ಯದ ಕಡೆಗಷ್ಟೇ. ಹೊರಡುವ ಮುನ್ನ ಸಮಯ ನೋಡಿ ಮೇಜು ಕಾದಿರಿಸಬೇಕು. ಪಟ್ಟಿಯ ಬೆಲೆಗೆ ತೆರಿಗೆ ಸೇರಿರುವುದಿಲ್ಲ, ಟಿಪ್ಸ್ ಶೇಕಡ 18ರಿಂದ 20 ರೂಢಿ. ಊಟದ ನಂತರ ಕಾಫಿ ಬೇಕೆನಿಸಿದರೆ ಫ್ರೆಂಚ್ ಕ್ವಾರ್ಟರ್‌ಗೆ ಮರಳಿ 1862ರ ಕೆಫೆ ದು ಮೊಂಡ್‌ಗೆ ಹೋಗಬಹುದು. ಅಲ್ಲಿನದು ಚಿಕೋರಿ ಬೆರೆಸಿ ಹಾಲು ಹಾಕಿದ ಕಾಫಿ. ಫಿಲ್ಟರ್ ಕಾಫಿ ಕುಡಿದು ಬೆಳೆದ ನಾಲಗೆಗೆ ಈ ಊರಿನಲ್ಲಿ ಪರಿಚಯ ಬೇಡದ ರುಚಿ ಇದೊಂದೇ.