ಚಹಾದ ಒಗರಿಗೆ ಮುರಿನ ಹುಳಿ

ಏಪ್ರಿಲ್ ಅರ್ಧ ಕಳೆದ ಮೇಲೆ ಕುಂದಾಪುರದ ಹತ್ತಿರದ ಹಾಲಾಡಿ, ಶಂಕರನಾರಾಯಣ, ಬಿದ್ಕಲ್‌ಕಟ್ಟೆ ಕಡೆ ಮಧ್ಯಾಹ್ನದ ಹೊತ್ತು ಬಿಸಿ ಚಾ ಕುಡಿಯುವುದೆಂದರೆ ಸಾಹಸವೇ. ವಾರಾಹಿ ಹೊಳೆ ಪಕ್ಕದಲ್ಲೇ ಇದ್ದರೂ ಬೆವರು ಮಾತ್ರ ಆರುವುದಿಲ್ಲ. ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು, ಆಮೇಲೆ ಶರಬತ್ತು, ಹೊರಡುವ ಮುಂಚೆ ಒಂದು ಲೋಟ ಚಾ ಎನ್ನುವುದು ನಮ್ಮ ಕಡೆಯ ಕ್ರಮ. ಈ ಶರಬತ್ತನ್ನೂ ಚಾವನ್ನೂ ಒಂದೇ ಲೋಟಕ್ಕೆ ತಂದರೆ ಅದೇ ಹಣ್ಣಿನ ಐಸ್ ಟೀ.

“ಎಂತ ಮಾರಾಯ್ರೆ, ತಣ್ದ್ ಚಾ ಕುಡುಕಾತ್ತಾ?” ಎಂದು ಮನೆಯ ಹಿರಿಯರು ಮುಖ ಸಿಂಡರಿಸುವುದು ಸಹಜ. ಅವರ ಮನಸ್ಸಿನಲ್ಲಿರುವುದು ಆರಿ ಕೆನೆ ಕಟ್ಟಿದ ಹಾಲಿನ ಚಾ. ಅದನ್ನು ಯಾರೂ ಕುಡಿಯಬೇಕಾಗಿಲ್ಲ. ಇಲ್ಲಿ ಹೇಳುತ್ತಿರುವುದು ಹಾಲು ಹಾಕದ ಕಣ್ಣು ಚಾದ ವಿಷಯ.

ತಣ್ಣನೆಯ ಚಹಾ ಹೊಸ ಕಾಲದ ಹುಡುಗರ ಶೋಕಿ ಎಂದುಕೊಂಡವರಿಗೆ ಒಂದು ಮಾತು. ಅಮೆರಿಕದ ಅಡುಗೆ ಪುಸ್ತಕಗಳಲ್ಲಿ 1879ರಷ್ಟು ಹಿಂದೆಯೇ ಇದರ ವಿಧಾನ ಅಚ್ಚಾಗಿದೆ. ಜನಪ್ರಿಯವಾದದ್ದು 1904ರ ಸೇಂಟ್ ಲೂಯಿಸ್ ವಸ್ತುಪ್ರದರ್ಶನದಲ್ಲಿ. ರಿಚರ್ಡ್ ಬ್ಲೆಚಿಂಡನ್ ಎಂಬವರು ಅಲ್ಲಿಗೆ ಭಾರತದ ಚಹಾದ ಪ್ರಚಾರಕ್ಕೆಂದು ಹೋಗಿದ್ದರು. ಸುಡು ಬೇಸಿಗೆಯಲ್ಲಿ ಬಿಸಿ ಚಹಾ ಕೇಳುವವರಿಲ್ಲದೆ ಐಸ್ ಹಾಕಿ ಕೊಡತೊಡಗಿದರು, ಜನ ಮುಗಿಬಿದ್ದರು ಎಂಬುದು ಪ್ರಚಲಿತ ಕತೆ. ಅವರೇ ಕಂಡುಹಿಡಿದರು ಎನ್ನುವುದು ಮಾತ್ರ ಉತ್ಪ್ರೇಕ್ಷೆ.

ಪೇಟೆಯಲ್ಲಿ ಐಸ್ ಟೀ ಹುಡಿಯ ಪೊಟ್ಟಣಗಳು ಸಿಗುತ್ತವೆ. ತೆಗೆದುಕೊಳ್ಳುವ ಮೊದಲು ಹಿಂಬದಿಯ ಪಟ್ಟಿ ಓದಿ. ಪದಾರ್ಥಗಳನ್ನು ಪ್ರಮಾಣದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಹೆಚ್ಚಿನವುಗಳಲ್ಲಿ ಮೊದಲ ಹೆಸರು ಸಕ್ಕರೆಯದ್ದು, ಚಹಾದ ಹೆಸರು ಬಹಳ ಕೆಳಗೆ. ಅಷ್ಟು ಹಣ ಕೊಟ್ಟು ಸಕ್ಕರೆ ತರುವ ಬದಲು ಭರಣಿಯಲ್ಲಿರುವ ಮುರಿನ (ಪುನರ್ಪುಳಿ) ಸಿಪ್ಪೆ ತೆಗೆಯುವುದು ಮೇಲು.

ಯಾವ ಹಣ್ಣು, ಯಾಕೆ?

ಮಾಡುವ ವಿಧಾನಕ್ಕಿಂತ ಮುಂಚೆ ಇದು ಗೊತ್ತಿರಬೇಕು. ಚಹಾ ನಾಲಿಗೆಗೆ ಕೊಡುವುದು ಒಗರು. ಹಾಲು ಹಾಕಿದಾಗ ಹಾಲಿನ ಪ್ರೋಟೀನು ಆ ಒಗರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಲಿಲ್ಲದಿದ್ದರೆ ಆ ಕೆಲಸವನ್ನು ಹುಳಿ, ಸಿಹಿಗಳು ಮಾಡಬೇಕು. ಆದ್ದರಿಂದ ಹಣ್ಣಿನಲ್ಲಿ ಹುಳಿಯೂ ಪರಿಮಳವೂ ಇರಬೇಕು, ಒಗರು ಇರಬಾರದು.

ಈ ಲೆಕ್ಕದಲ್ಲಿ ನಮ್ಮೂರ ಹಣ್ಣುಗಳನ್ನು ನೋಡಿದರೆ ಗೇರುಹಣ್ಣು ಮೊದಲೇ ಹೊರಗೆ. ಹಾಲಾಡಿ ಸುತ್ತಮುತ್ತಲ ಗುಡ್ಡೆಗಳಲ್ಲಿ ರಾಶಿ ಬೀಳುತ್ತದೆ, ಪುಕ್ಕಟೆ ಸಿಗುತ್ತದೆ, ಎಲ್ಲ ಸರಿ. ಆದರೆ ಗಂಟಲು ಹಿಡಿಯುವ ಅದರ ಒಗರಿಗೆ ಚಹಾದ ಒಗರು ಸೇರಿದರೆ ನಾಲಿಗೆ ಮರಗಟ್ಟುತ್ತದೆ. ನೇರಳೆಯದ್ದೂ ಅದೇ ಹಣೆಬರಹ. ಮಾಗಿದ ಮಾವಿನ ರಸ ದಪ್ಪ, ಲೋಟದ ತಳದಲ್ಲಿ ಕೂರುತ್ತದೆ. ಮೇಲೆ ಬರೀ ಚಾ, ಕೆಳಗೆ ಬರೀ ಮಾವು. ಕಾಟು ಮಾವಾದರೆ ನಾರಿನ ಕಾಟ ಬೇರೆ. ಮಾವು ಬೇಕೇ ಬೇಕೆಂದರೆ ಬೇಯಿಸಿ ಕಿವುಚಿ ಸೋಸಿದ ಮಾವಿನಕಾಯಿಯ ಪಾನಕ ಬೆರೆಸಿ. ಅನಾನಸು ಚೆನ್ನಾಗಿ ಹೊಂದುತ್ತದೆ. ಲಿಂಬೆ, ಕಂಚಿ ಎಂದೂ ಕೈಕೊಡುವುದಿಲ್ಲ. ಪ್ಯಾಶನ್ ಫ್ರೂಟ್ ಬಳ್ಳಿ ಚಪ್ಪರಕ್ಕೆ ಹಬ್ಬಿಸಿದವರಿದ್ದರೆ ಅವರು ಭಾಗ್ಯವಂತರು.

ಎಲ್ಲಕ್ಕಿಂತ ಮೇಲಿನದು ಮುರಿನ ಹಣ್ಣು. ಉಡುಪಿ ದಾಟಿದರೆ ಇದು ಪುನರ್ಪುಳಿ, ಘಟ್ಟ ಹತ್ತಿದರೆ ಮುರುಗಲು. ಹುಳಿ ಖಡಕ್ಕಾಗಿದೆ, ಬಣ್ಣ ಕಣ್ಣಿಗೆ ಹಬ್ಬ. ಹಣ್ಣಾಗುವುದೂ ಏಪ್ರಿಲ್–ಮೇ ತಿಂಗಳಲ್ಲೇ, ಅಂದರೆ ಬೇಕಾದ ಹೊತ್ತಿಗೇ.

ಚಹಾ ಯಾವುದು?

ದಿನಾ ಹಾಲು ಹಾಕಿ ಕುದಿಸುವ ಚಾ ಹುಡಿ ಇದಕ್ಕೆ ಅಷ್ಟು ಸರಿಯಲ್ಲ. ಎಲೆಯನ್ನು ಯಂತ್ರದಲ್ಲಿ ಜಜ್ಜಿ, ಹರಿದು, ಉಂಡೆಗಟ್ಟಿಸಿದ ಕಾಳು ಅದು. ಬೇಗ ಬಣ್ಣ ಬಿಡಬೇಕು, ಹಾಲಿಗೂ ಬಗ್ಗದಷ್ಟು ಕಡು ಇರಬೇಕು ಎಂದೇ ತಯಾರಾದದ್ದು. ಐಸ್ ಟೀಗೆ ಸುರುಳಿ ಸುತ್ತಿದ ಉದ್ದ ಎಲೆಯ ಚಹಾ ತನ್ನಿ. ಅದರಲ್ಲೂ ನೀಲಗಿರಿಯದ್ದು ಉತ್ತಮ. ತಣ್ಣಗಾದರೂ ತಿಳಿಯಾಗಿಯೇ ಉಳಿಯುತ್ತದೆ ಎಂಬ ಹೆಸರು ಅದಕ್ಕಿದೆ. ಕುಂದಾಪುರದ ದೊಡ್ಡ ಅಂಗಡಿಗಳಲ್ಲಿ ಕೇಳಿ ನೋಡಿ. ಸಿಗದಿದ್ದರೆ ಮನೆಯ ಹುಡಿಯಲ್ಲೇ ಮಾಡಬಹುದು, ಆದರೆ ಅಳತೆಯೂ ಸಮಯವೂ ಅರ್ಧಕ್ಕಿಳಿಯಬೇಕು.

ಮುರಿನ ಐಸ್ ಟೀ

ಐದಾರು ಲೋಟಕ್ಕೆ ಬೇಕಾದದ್ದು ಇಷ್ಟು: ಎಲೆ ಚಹಾ 10 ಗ್ರಾಂ (ನಾಲ್ಕೈದು ಚಮಚ), ಕುದಿಸಿ ಆರಿಸಿದ ನೀರು ಮುಕ್ಕಾಲು ಲೀಟರ್, ಒಣ ಮುರಿನ ಸಿಪ್ಪೆ 20 ಗ್ರಾಂ ಅಥವಾ ಏಳೆಂಟು ತಾಜಾ ಹಣ್ಣಿನ ಸಿಪ್ಪೆ, ಸಕ್ಕರೆ 100 ಗ್ರಾಂ, ಚಿಟಿಕೆ ಉಪ್ಪು, ಎರಡು ಏಲಕ್ಕಿ, ಐಸ್.

1. ರಾತ್ರಿ ಮಲಗುವ ಮುಂಚೆ ಗಾಜಿನ ಅಥವಾ ಸ್ಟೀಲಿನ ಪಾತ್ರೆಗೆ ಆರಿದ ನೀರು ಹಾಕಿ, ಚಹಾ ಎಲೆ ಸೇರಿಸಿ, ಮುಚ್ಚಿ ಫ್ರಿಜ್ಜಿನಲ್ಲಿಡಿ. ಒಲೆ ಹಚ್ಚುವ ಕೆಲಸವಿಲ್ಲ. ತಣ್ಣೀರಿನಲ್ಲಿ ಪರಿಮಳ, ಬಣ್ಣ ನಿಧಾನಕ್ಕೆ ಇಳಿಯುತ್ತವೆ. ಒಗರು, ಕಹಿಗಳು ಬಿಸಿ ನೀರಿನಲ್ಲಿ ಬಿಟ್ಟಷ್ಟು ಇದರಲ್ಲಿ ಬಿಡುವುದಿಲ್ಲ. ಎಂಟು ಗಂಟೆ ಸಾಕು. ಚಾ ಹುಡಿಯಾದರೆ 5 ಗ್ರಾಂ ಹಾಕಿ ಮೂರು–ನಾಲ್ಕು ಗಂಟೆಗೆ ತೆಗೆಯಿರಿ.

2. ಬೆಳಿಗ್ಗೆ ತೆಳುವಾದ ಬಟ್ಟೆಯಲ್ಲಿ ಸೋಸಿ. ಎಲೆಯನ್ನು ಹಿಂಡಬೇಡಿ. ಹಿಂಡಿದರೆ ರಾತ್ರಿಯಿಡೀ ತಪ್ಪಿಸಿದ ಒಗರೆಲ್ಲ ಆ ಒಂದು ಹಿಡಿತದಲ್ಲಿ ಕೆಳಗಿಳಿಯುತ್ತದೆ.

3. ಮುರಿನ ಸಿಪ್ಪೆಯನ್ನು ತೊಳೆದು, ಕಾಲು ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಒಂದೆರಡು ಗಂಟೆ ನೆನೆಸಿ, ಕೈಯಲ್ಲಿ ಕಿವುಚಿ ಸೋಸಿ. ಸಾರಿಗೆಂದು ಉಪ್ಪು ಹಾಕಿ ಒಣಗಿಸಿದ ಸಿಪ್ಪೆಯಾದರೆ ಮೊದಲ ನೀರು ಚೆಲ್ಲಿ, ಮತ್ತೆ ಉಪ್ಪು ಹಾಕಬೇಡಿ.

4. ಸಕ್ಕರೆಯನ್ನು ಅಷ್ಟೇ ತೂಕದ ನೀರಿನಲ್ಲಿ ಕರಗುವಷ್ಟು ಮಾತ್ರ ಕಾಯಿಸಿ, ಜಜ್ಜಿದ ಏಲಕ್ಕಿ ಹಾಕಿ ಮುಚ್ಚಿ ಆರಲು ಬಿಡಿ. ಸಕ್ಕರೆಯನ್ನು ನೇರವಾಗಿ ತಣ್ಣನೆಯ ಚಹಾಕ್ಕೆ ಸುರಿದರೆ ಬೇಗ ಕರಗದೆ ತಳದಲ್ಲಿ ಕೂರುತ್ತದೆ.

5. ಚಹಾ, ಮುರಿನ ನೀರು, ಉಪ್ಪು ಬೆರೆಸಿ. ಪಾಕವನ್ನು ಮಾತ್ರ ಒಮ್ಮೆಗೇ ಸುರಿಯಬೇಡಿ. ಮುಕ್ಕಾಲು ಭಾಗ ಹಾಕಿ ರುಚಿ ನೋಡಿ. ಪ್ರತಿ ಮರದ ಹಣ್ಣಿನ ಹುಳಿ ಬೇರೆ. ಐಸ್ ಕರಗಿದ ಮೇಲೆ ರುಚಿ ತೆಳುವಾಗುವುದರಿಂದ ಈಗ ನಾಲಿಗೆಗೆ ಒಂದು ಹಿಡಿ ಹೆಚ್ಚೇ ಎನಿಸಬೇಕು.

ಬೆಲ್ಲ ಹಾಕಬಾರದೇ ಎಂದು ನಮ್ಮ ಕಡೆಯವರು ಕೇಳದೆ ಇರುವುದಿಲ್ಲ. ಹಾಕಬಹುದು. ಆದರೆ ಬೆಲ್ಲದ ಕಂದು, ಮುರಿನ ಕೆಂಪನ್ನು ನುಂಗುತ್ತದೆ. ಜೊತೆಗೆ, ಬೆಲ್ಲ ಕಾಯಿಸುವಾಗ ಕೊಳೆ ತೆಗೆಯಲು ಸುಣ್ಣ ಬಳಸುವುದುಂಟು. ಮುರಿನ ಕೆಂಪಿಗೆ ಕಾರಣವಾದ ಆಂಥೋಸಯಾನಿನ್ ಎಂಬ ವಸ್ತು ಹುಳಿಯಲ್ಲಿ ಕೆಂಪಗಿದ್ದು, ಕ್ಷಾರ ಸೋಕಿದರೆ ನೀಲಿಯತ್ತ ಹೊರಳಿ ಕಳೆಗುಂದುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಚಹಾ ತಿಳಿಯಾಗಲೆಂದು ಚಿಟಿಕೆ ಅಡುಗೆ ಸೋಡಾ ಹಾಕುತ್ತಾರೆ. ಆ ಉಪಾಯವನ್ನು ಮುರಿನ ಚಹಾದ ಹತ್ತಿರಕ್ಕೂ ತರಬೇಡಿ. ಜೋನಿ ಬೆಲ್ಲವನ್ನು ಲಿಂಬೆ ಅಥವಾ ಶುಂಠಿ ಹಾಕಿದ ಐಸ್ ಟೀಗೆ ಇಟ್ಟುಕೊಳ್ಳಿ, ಅಲ್ಲಿ ಅದಕ್ಕೆ ಸಮನಾದದ್ದಿಲ್ಲ.

ಇನ್ನು ಪಾತ್ರೆ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಬೇಡವೇ ಬೇಡ, ಹುಳಿಗೆ ಲೋಹ ಬಿಡುತ್ತದೆ. ಗಾಜು, ಸ್ಟೀಲು, ಪಿಂಗಾಣಿ ಭರಣಿ ಸರಿ.

ಒಂದೇ ತಾಸಿನಲ್ಲಿ ಬೇಕೆಂದರೆ: ಅನಾನಸಿನ ಐಸ್ ಟೀ

ನೆಂಟರು ಹೇಳಿ ಬರುವುದಿಲ್ಲ, ಫ್ರಿಜ್ಜು ಎಲ್ಲರ ಮನೆಯಲ್ಲಿರುವುದಿಲ್ಲ, ಇದ್ದರೂ ಮೊದಲ ಗುಡುಗಿಗೇ ಕರೆಂಟು ಹೋಗುತ್ತದೆ. ಅಂಥ ಹೊತ್ತಿಗೆ ಬಿಸಿ ದಾರಿಯೇ ಸರಿ. ಅರ್ಧ ಲೀಟರ್ ನೀರು ಕುದಿಸಿ ಒಲೆಯಿಂದ ಇಳಿಸಿ 12 ಗ್ರಾಂ ಎಲೆ ಹಾಕಿ ಮುಚ್ಚಿ. ನಾಲ್ಕು ನಿಮಿಷ, ಹೆಚ್ಚೆಂದರೆ ಐದು. ಕಡು ಬೇಕಾದರೆ ಎಲೆ ಹೆಚ್ಚಿಸಿ, ಸಮಯ ಹೆಚ್ಚಿಸಬೇಡಿ. ಚಹಾ ಎಲೆಯನ್ನು ಕುದಿಸುವುದು ಹಾಲಿನ ಚಾದ ಅಭ್ಯಾಸ, ಇಲ್ಲಿ ಅದು ಕಷಾಯವಾಗುತ್ತದೆ.

ಅಷ್ಟರಲ್ಲಿ ಎರಡು ಲೋಟ ಅನಾನಸಿನ ಸಣ್ಣ ಹೋಳುಗಳಿಗೆ ಅರ್ಧ ಲೋಟ ಸಕ್ಕರೆ, ಸ್ವಲ್ಪ ನೀರು ಹಾಕಿ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಬೇಯಿಸಿ ಸೋಸಿ. ಉಳಿದ ಹೋಳನ್ನು ಎಸೆಯಬೇಡಿ, ಸಂಜೆಯ ಶೀರಾಕ್ಕೆ ಆಗುತ್ತದೆ. ಸೋಸಿದ ಚಹಾಕ್ಕೆ ಈ ರಸ, ಅರ್ಧ ಲೀಟರ್ ಹೂಜಿಯ ತಣ್ಣೀರು (ಇದೂ ಕುದಿಸಿ ಆರಿಸಿದ್ದೇ), ಅರ್ಧ ಹೋಳು ಲಿಂಬೆರಸ, ಎರಡು ಚಿಟಿಕೆ ಕಾಳುಮೆಣಸಿನ ಹುಡಿ ಬೆರೆಸಿದರೆ ಮುಗಿಯಿತು. ಕಾಳುಮೆಣಸು ತಪ್ಪಿಸಬೇಡಿ. ಅನಾನಸಿನ ಸಿಹಿಯನ್ನು ಅದು ಹದ್ದುಬಸ್ತಿನಲ್ಲಿಡುತ್ತದೆ.

ಲಿಂಬೆರಸ ಬಿದ್ದ ಕೂಡಲೇ ಚಹಾದ ಬಣ್ಣ ತಿಳಿಯಾಗುವುದನ್ನು ನೋಡಿ ನೀರು ಹೆಚ್ಚಾಯಿತೆಂದು ಗಾಬರಿಯಾಗಬೇಕಿಲ್ಲ. ಚಹಾದ ಬಣ್ಣದ ಅಂಶಗಳು ಹುಳಿಯಲ್ಲಿ ಹಾಗೇ ತೆಳುವಾಗಿ ಕಾಣುತ್ತವೆ, ರುಚಿ ಕಡಿಮೆಯಾಗಿರುವುದಿಲ್ಲ.

ಬಿಸಿಯಾಗಿ ಮಾಡಿದ ಕಡು ಚಹಾವನ್ನು ನೇರ ಫ್ರಿಜ್ಜಿಗಿಟ್ಟರೆ ಹಾಲು ಹನಿಸಿದಂತೆ ಮಸುಕಾಗುವುದುಂಟು. ಕೆಟ್ಟದ್ದಲ್ಲ. ಚಹಾದ ಕೆಫೀನು, ಪಾಲಿಫೀನಾಲುಗಳು ತಂಪಿಗೆ ಒಂದಕ್ಕೊಂದು ಅಂಟಿಕೊಂಡದ್ದು ಅಷ್ಟೇ. ಹೊರಗೆ ಆರಿದ ಮೇಲೆ ಒಳಗಿಟ್ಟರೆ ಈ ತೊಂದರೆ ಕಡಿಮೆ. ಮಸುಕಾಗಿಬಿಟ್ಟಿದ್ದರೆ ಸ್ವಲ್ಪ ಬಿಸಿನೀರು ಸೇರಿಸಿ, ತಿಳಿಯಾಗುತ್ತದೆ.

ಐಸಿನ ವಿಷಯ

ಐಸ್ ಟೀ ಹಾಳಾಗುವುದು ಹೆಚ್ಚಾಗಿ ಐಸಿನಿಂದಲೇ. ಲೋಟ ಅರ್ಧವಾಗುವಷ್ಟರಲ್ಲಿ ಎಲ್ಲ ನೀರು ನೀರು. ಇದಕ್ಕೆ ಸುಲಭದ ಪರಿಹಾರವಿದೆ: ಮುರಿನ ನೀರನ್ನೋ ಚಹಾವನ್ನೋ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ, ಅದೇ ಗಡ್ಡೆಗಳನ್ನು ಹಾಕಿ. ಕರಗಿದರೂ ರುಚಿ ತೆಳುವಾಗುವುದಿಲ್ಲ.

ಮದುವೆ, ಗೃಹಪ್ರವೇಶಕ್ಕೆ ದೊಡ್ಡ ಪ್ರಮಾಣದಲ್ಲಿ ಮಾಡುವವರು ಒಂದು ಎಚ್ಚರ ವಹಿಸಬೇಕು. ನಮ್ಮ ಕರಾವಳಿಯಲ್ಲಿ ಐಸ್ ಎಂದರೆ ಮೀನಿಗೆ ಹಾಕುವ ಐಸೂ ಹೌದು. ತಿನ್ನಲು ಬಾರದ ಐಸಿಗೆ ನೀಲಿ ಬಣ್ಣ ಬೆರೆಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಸೂಚಿಸಿತ್ತು. ಬಣ್ಣ ಇಲ್ಲವೆಂದ ಮಾತ್ರಕ್ಕೆ ಕುಡಿಯುವ ನೀರಿನ ಐಸ್ ಎಂದು ನಂಬದೆ, ಎಲ್ಲಿಂದ ಬಂತೆಂದು ಕೇಳಿ. ಖಾತ್ರಿಯಿಲ್ಲದಿದ್ದರೆ ಪಾತ್ರೆಯ ಹೊರಗೆ ಸುತ್ತ ಇಡಿ, ಒಳಗೆ ಹಾಕಬೇಡಿ.

ತಣ್ಣೀರಿನಲ್ಲಿ ನೆನೆಸಿದ ಚಹಾದಲ್ಲಿ ರೋಗಾಣು ಸಾಯುವ ಬಿಸಿ ಎಲ್ಲೂ ಬರುವುದಿಲ್ಲ ಎಂಬುದೂ ನೆನಪಿರಲಿ. ಪಾತ್ರೆಯನ್ನು ಅಂಗಳದ ಬಿಸಿಲಿನಲ್ಲಿಟ್ಟು ಚಹಾ ಇಳಿಸುವ ವಿಡಿಯೊಗಳು ಓಡಾಡುತ್ತಿವೆ. ಉಗುರುಬೆಚ್ಚಗಿನ ನೀರು ರೋಗಾಣುಗಳಿಗೆ ಹೇಳಿ ಮಾಡಿಸಿದ ಜಾಗ, ಆ ಸಾಹಸ ಬೇಡ. ಮಾಡಿದ್ದನ್ನು ಆದಷ್ಟು ಬೇಗ, ಫ್ರಿಜ್ಜಿನಲ್ಲಿದ್ದರೆ ಹೆಚ್ಚೆಂದರೆ ಎರಡು ದಿನದೊಳಗೆ ಮುಗಿಸಿ. ಇಡೀ ರಾತ್ರಿ ಕರೆಂಟು ಇರಲಿಲ್ಲವೆಂದರೆ ಚೆಲ್ಲಿಬಿಡಿ.

ಯಾರಿಗೆ, ಯಾವಾಗ?

ಊಟದ ಜೊತೆ ಕೊಡಬೇಡಿ. ಚಹಾದ ಟ್ಯಾನಿನ್ನುಗಳು ಆಹಾರದ ಕಬ್ಬಿಣಾಂಶವನ್ನು ದೇಹಕ್ಕೆ ಸರಿಯಾಗಿ ಸೇರಗೊಡುವುದಿಲ್ಲ. ಊಟಕ್ಕೆ ಒಂದು ಗಂಟೆ ಮೊದಲೂ ಒಂದು ಗಂಟೆ ಆಮೇಲೂ ಚಹಾ–ಕಾಫಿ ಬೇಡವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಆಹಾರ ಮಾರ್ಗಸೂಚಿ ಹೇಳುತ್ತದೆ. ರಕ್ತಹೀನತೆಯಿರುವ ಹೆಂಗಸರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಅದೇ ಮಾರ್ಗಸೂಚಿಯ ಪ್ರಕಾರ ಒಂದು ಕಪ್ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನು ಇರುತ್ತದೆ, ದಿನಕ್ಕೆ 300 ದಾಟಬಾರದು. ತಂಪಾಗಿದೆ, ಸಿಹಿಯಾಗಿದೆ ಎಂದು ಮಕ್ಕಳು ಲೋಟದ ಮೇಲೆ ಲೋಟ ಕುಡಿಯುವ ಅಪಾಯ ಇಲ್ಲಿ ಬಿಸಿ ಚಾಕ್ಕಿಂತ ಹೆಚ್ಚು. ಅವರಿಗೆ ಚಹಾ ಬಿಟ್ಟು ಬರೀ ಮುರಿನ ಶರಬತ್ತೇ ಕೊಡಿ. ಸಕ್ಕರೆ ಕಾಯಿಲೆಯವರು ಪಾಕ ಬಿಟ್ಟು, ಉಪ್ಪು, ಜೀರಿಗೆ ಹಾಕಿ ಕುಡಿದರೆ ಅದೂ ಬೇರೆಯದೇ ರುಚಿ.

ಮುರಿನ ಐಸ್ ಟೀ ವರ್ಷವಿಡೀ ಬೇಕೆನ್ನುವವರಿಗೆ ಹಳೆಯ ಭರಣಿ ಪದ್ಧತಿಯೇ ಇದೆ. ತಾಜಾ ಹಣ್ಣನ್ನು ಹೋಳು ಮಾಡಿ ಬೀಜ ತೆಗೆದು, ಸಿಪ್ಪೆಯ ತೂಕದ ಎರಡರಷ್ಟು ಸಕ್ಕರೆಯನ್ನು ಪದರ ಪದರವಾಗಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಒಂದು ವಾರ ಬಿಸಿಲಿಗಿಡಿ. ಸಕ್ಕರೆಯೆಲ್ಲ ಕರಗಿ ಗಾಢ ಕೆಂಪು ರಸವಾದ ಮೇಲೆ ಸೋಸಿ ಬಾಟಲಿಗೆ ತುಂಬಿಸಿ. ಇದಿದ್ದರೆ ಮೇಲಿನ ಮೂರು ಮತ್ತು ನಾಲ್ಕನೇ ಹಂತದ ಕೆಲಸವೇ ಇಲ್ಲ. ಒಂದು ಲೋಟ ತಣ್ಣನೆಯ ಕಣ್ಣು ಚಾಕ್ಕೆ ಎರಡು ದೊಡ್ಡ ಚಮಚ ಸಾಕು. ಒದ್ದೆ ಸೌಟು ತಾಗಿಸದಿದ್ದರೆ ಮುಂದಿನ ಬೇಸಿಗೆಯವರೆಗೂ ಬರುತ್ತದೆ. ಮುಂಗಾರು ಶುರುವಾದರೆ ಉದುರಿದ ಹಣ್ಣು ಕೊಳೆಯುತ್ತದೆ, ಸಿಪ್ಪೆ ಒಣಗಿಸಲು ಬಿಸಿಲೂ ಸಿಗದು. ಹಾಗಾಗಿ ಮಳೆಗೆ ಮುಂಚೆಯೇ ತೋಟದ ಮುರಿನ ಮರದ ಬುಡಕ್ಕೊಮ್ಮೆ ಹೋಗಿ ಬನ್ನಿ.