ಹೆಸರು ಬೇರೆ, ದನಿ ಬೇರೆ

ಕನ್ನಡದಲ್ಲಿ ಅಕ್ಷರದ ಹೆಸರೂ ಉಚ್ಚಾರಣೆಯೂ ಒಂದೇ. ‘ಮ’, ‘ರ’ ಕಲಿತ ಮಗು ಎರಡನ್ನೂ ಒಟ್ಟಿಗೆ ಹೇಳಿದರೆ ‘ಮರ’ ಆಗುತ್ತದೆ. ಇಂಗ್ಲಿಷಿನಲ್ಲಿ ಇದು ನಡೆಯುವುದಿಲ್ಲ. ಪಿ, ಐ, ಎನ್ ಎಂಬ ಮೂರು ಹೆಸರುಗಳನ್ನು ಎಷ್ಟು ಬೇಗ ಹೇಳಿದರೂ ‘ಪಿನ್’ ಆಗದು. ಎಚ್ ಎಂಬ ಹೆಸರಿನಲ್ಲಿ ಹಕಾರವೇ ಇಲ್ಲ. ವೈ ಎಂಬ ಹೆಸರು ವಕಾರದಿಂದ ಶುರುವಾದರೂ ಪದದ ಮೊದಲಲ್ಲಿ ಅದು ಯಕಾರ. ‘ಯೆಸ್’ ಎಂಬುದನ್ನು ಮಕ್ಕಳು ‘ವೆಸ್’ ಎಂದು ಓದಿದರೆ ತಪ್ಪು ಮಕ್ಕಳದ್ದಲ್ಲ. ಜೊತೆಗೆ, ಇರುವ 26 ಅಕ್ಷರಗಳೇ ಸುಮಾರು 44 ದನಿಗಳ ಕೆಲಸ ಮಾಡಬೇಕು.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಒಂದನೇ ತರಗತಿಗೆ ಬಂದದ್ದು 2007-08ರಲ್ಲಿ. ಕಲಿಸಲು ನಿಂತವರಲ್ಲಿ ಬಹಳಷ್ಟು ಮಂದಿ ತಾವು ಐದನೇ ತರಗತಿಯಲ್ಲಿ ಎಬಿಸಿಡಿ ಬಾಯಿಪಾಠ ಮಾಡಿದವರು. ಮಂಡ್ಯ ಜಿಲ್ಲೆಯ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿದ್ದ, ಈಗ ಇದನ್ನು ಬರೆಯುತ್ತಿರುವ ಶಿಕ್ಷಕಿಯೂ ಹಾಗೆ ಕಲಿತವಳೇ. ‘ಎ ಫಾರ್ ಆಪಲ್’ ಪಟವನ್ನು ಗೋಡೆಗೆ ಹಾಕಿ, ಕೋಲಿನಿಂದ ತೋರಿಸಿ ಹೇಳಿಸಿದ ಮೊದಲ ಎರಡು ವರ್ಷ ಮಕ್ಕಳು ಓದುತ್ತಿದ್ದುದು ಚಿತ್ರವನ್ನು. ಚಿತ್ರದ ಮೇಲೆ ಕೈ ಅಡ್ಡ ಇಟ್ಟರೆ ಬಾಯಿ ನಿಲ್ಲುತ್ತಿತ್ತು.

ದನಿಯಿಂದ ಕಲಿಸುವ ಕ್ರಮದಲ್ಲಿ ಎಬಿಸಿಡಿ ಸರಣಿ ಹಿಡಿಯುವುದಿಲ್ಲ. ಇಂಗ್ಲೆಂಡಿನ ಅನೇಕ ಶಾಲೆಗಳಲ್ಲಿ ಎಸ್, ಎ, ಟಿ, ಪಿ, ಐ, ಎನ್ ಎಂಬ ಆರರಿಂದ ಶುರು ಮಾಡುತ್ತಾರೆ. ಈ ಆರೇ ಅಕ್ಷರಗಳಲ್ಲಿ ಹತ್ತಾರು ಪದಗಳು ಹುಟ್ಟುತ್ತವೆ. ಪಿನ್ನು, ಟಿನ್ನು, ಪ್ಯಾನು ಹಳ್ಳಿಯ ಮನೆಯಲ್ಲೂ ಇರುವ ವಸ್ತುಗಳಾದ್ದರಿಂದ ಅರ್ಥ ಬಿಡಿಸಿ ಹೇಳುವ ಶ್ರಮವೂ ಉಳಿಯುತ್ತದೆ.

ಮೊದಲ ತೊಡಕು ಶಿಕ್ಷಕರ ನಾಲಿಗೆಯದು. ಕನ್ನಡದ ವ್ಯಂಜನ ಹೇಳುವಾಗ ‘ಅ’ ತಾನಾಗಿ ಸೇರಿಕೊಳ್ಳುತ್ತದೆ. ಪಿ ಅಕ್ಷರಕ್ಕೆ ‘ಪ’, ಎನ್ ಅಕ್ಷರಕ್ಕೆ ‘ನ’ ಎಂದು ಕಲಿಸಿದರೆ ಮಗು ‘ಪಇನ’ ಎಂದೇ ಕೂಡಿಸುತ್ತದೆ. ಈ ತಪ್ಪು ತಿಳಿಯಲು ಮೂರು ವಾರ ಹಿಡಿಯಿತು. ಪರಿಹಾರ ಕನ್ನಡ ಪಾಠದಲ್ಲೇ ಇತ್ತು. ಪ್ ಜೊತೆ ಇ ಸೇರಿದರೆ ಪಿ ಎಂದು ಕಾಗುಣಿತ ಹೇಳುವ ಮಗುವಿಗೆ ಸ್ವರವಿಲ್ಲದ ವ್ಯಂಜನ ಹೊಸದಲ್ಲ. ಪ್, ಇ, ನ್ ಎಂದು ಬಾಯಲ್ಲಿ ಹೇಳಿಸಿದರೆ ಸಾಕು. ಆದರೆ ಇಂಗ್ಲಿಷ್ ಪದದ ಕೆಳಗೆ ಕನ್ನಡದಲ್ಲಿ ಬರೆದುಕೊಡಬಾರದು. ಬರೆದರೆ ಮಕ್ಕಳ ಕಣ್ಣು ಕೆಳಗಿನ ಸಾಲಿನಿಂದ ಮೇಲೇಳುವುದೇ ಇಲ್ಲ.

ಎ ಅಕ್ಷರದ ಹ್ರಸ್ವ ದನಿಗೆ ಕನ್ನಡ ವರ್ಣಮಾಲೆಯಲ್ಲಿ ಸ್ಥಾನವಿಲ್ಲ. ಮಕ್ಕಳ ಮಾತಿನಲ್ಲಿ ಇದೆ. ‘ಬ್ಯಾಡ’, ‘ಮ್ಯಾಲೆ’ ಎನ್ನುವ ಮಗುವಿಗೆ ‘ಪ್ಯಾನ್’ ಕಷ್ಟವಲ್ಲ. ಕನ್ನಡದ ಅವಧಿಯಲ್ಲಿ ‘ಬೇಡ’ ಎಂದು ತಿದ್ದುವ ಅದೇ ದನಿ ಇಂಗ್ಲಿಷಿನ ಅವಧಿಯಲ್ಲಿ ಆಸ್ತಿ. ಹಕಾರದ ಕಥೆ ಬೇರೆ. ಹಾಲನ್ನು ‘ಆಲು’ ಎನ್ನುವ ಊರಿನಲ್ಲಿ ‘ಹೆನ್’ ಸಹಜವಾಗಿ ‘ಎನ್’ ಆಗುತ್ತದೆ. ಅಂಗೈಯನ್ನು ಬಾಯಿ ಮುಂದೆ ಹಿಡಿಸಿ, ಬಿಸಿ ಉಸಿರು ತಾಗಿತೇ ಎಂದು ಕೇಳುವುದು ಇದಕ್ಕೆ ಒಳ್ಳೆಯ ಉಪಾಯ. ‘ಇಸ್ಕೂಲು’ ಎಂಬಲ್ಲಿ ಮೊದಲಿಗೂ ಕೊನೆಗೂ ಅಂಟಿದ ಸ್ವರಗಳು ನಿಧಾನವಾಗಿ ಬಿಡುತ್ತವೆ. ಮೊದಲ ವರ್ಷ ಅದಕ್ಕಾಗಿ ಕಾಡಬೇಕಿಲ್ಲ.

ಹೀಗೆ ಕಲಿಸಲು ತೊಡಗಿದ್ದು ಒಂದು ದಸರಾ ರಜೆ ಮುಗಿದ ಮೇಲೆ. ಅಷ್ಟರಲ್ಲಿ ಕನ್ನಡದ ಅಕ್ಷರಗಳು ಒಂದಿಷ್ಟು ಕೂತಿದ್ದವು, ಇಂಗ್ಲಿಷ್ ಬರೀ ಮಾತು ಮತ್ತು ಹಾಡಾಗಿ ಕಿವಿಗೆ ಬಿದ್ದಿತ್ತು. ಆದರೆ ಶಿಕ್ಷಕಿ ಹಟ ಹಿಡಿದಳು: ವರ್ಷ ಮುಗಿಯುವವರೆಗೆ ಅಕ್ಷರದ ಹೆಸರು ತರಗತಿಯೊಳಗೆ ಬರಕೂಡದು. “ಹೆಸರೂ ಒಂಚೂರು ಹೇಳ್ಕೊಡಮ್ಮ, ಯಾರಾದ್ರೂ ಬಂದ್ರೆ ಕೇಳೋದು ಅದನ್ನೇ” ಎಂದು ಮುಖ್ಯ ಶಿಕ್ಷಕರು ಎರಡು ಸಲ ಹೇಳಿದ್ದರು. ಆ ಮಾತು ಕಿವಿಗೆ ಹೋಗಲಿಲ್ಲ.

ಜನವರಿಯ ಒಂದು ಬೆಳಿಗ್ಗೆ ಅಧಿಕಾರಿಯೊಬ್ಬರು ಬಂದರು. ಹಲಗೆಯ ಮೇಲೆ ಎಸ್ ಬರೆದು, ಮುಂದಿನ ಸಾಲಿನ ಹುಡುಗಿಯನ್ನು ಎಬ್ಬಿಸಿ, ಇದೇನು ಎಂದು ಕೇಳಿದರು. ಹುಡುಗಿ ಕಲಿತದ್ದನ್ನೇ ಸರಿಯಾಗಿ ಹೇಳಿದಳು: “ಸ್ಸ್ಸ್.” ಅವರು ಮತ್ತೆ ಕೇಳಿದರು. ಮತ್ತೆ “ಸ್ಸ್ಸ್.” “ಏನಮ್ಮಾ, ಹಾವು ಬಂತಾ?” ಎಂದರು. ಮಕ್ಕಳೆಲ್ಲ ನಕ್ಕರು. ಹುಡುಗಿ ಶಿಕ್ಷಕಿಯ ಮುಖ ನೋಡಿದಳು. “ಎಬಿಸಿಡಿ ಹೇಳು ನೋಡೋಣ” ಎಂದಾಗ ಅವಳ ತುಟಿ ಅಲುಗಲಿಲ್ಲ, ಬೆರಳು ಲಂಗದ ಅಂಚನ್ನು ಸುತ್ತುತ್ತಿತ್ತು. ಪಕ್ಕದವನಿಗೂ ಬರಲಿಲ್ಲ, ಅವನ ಪಕ್ಕದವಳಿಗೂ ಬರಲಿಲ್ಲ. “ಅಂಗನವಾಡಿ ಮಕ್ಕಳೂ ಹೇಳ್ತಾವೆ ಮೇಡಂ, ನೀವು ವರ್ಷವಿಡೀ ಮಾಡಿದ್ದೇನು?” ಎಂಬ ಪ್ರಶ್ನೆ ಮಕ್ಕಳ ಎದುರಿಗೇ ಬಂತು. ಸಂದರ್ಶನ ಪುಸ್ತಕದಲ್ಲಿ ಇಂಗ್ಲಿಷ್ ಮೂಲಾಕ್ಷರ ಕಲಿಕೆ ತೃಪ್ತಿಕರವಾಗಿಲ್ಲ ಎಂಬ ಷರಾ ಬಿತ್ತು.

ಅದೇ ಹುಡುಗಿ ಹಿಂದಿನ ದಿನ, ಹೇಳಿಕೊಡದ ‘ಸ್ಪಿನ್’ ಎಂಬ ಪದವನ್ನು ತಾನೇ ಓದಿದ್ದಳು. ಹಲಗೆಯ ಮೇಲೆ ಅಂಥ ಒಂದು ಪದ ಬರೆದು, “ಸಾರ್, ಇದನ್ನು ಓದಿಸಿ ನೋಡಿ” ಎನ್ನಲು ಒಂದು ನಿಮಿಷ ಸಾಕಿತ್ತು. ಸೀಮೆಸುಣ್ಣ ಶಿಕ್ಷಕಿಯ ಕೈಯಲ್ಲೇ ಇತ್ತು. ಬಾಯಿ ಬರಲಿಲ್ಲ. ಓದುವುದನ್ನು ಅಳೆಯದೆ ಒಪ್ಪಿಸುವುದನ್ನು ಅಳೆದದ್ದು ಅಧಿಕಾರಿಯ ತಪ್ಪು. ಮಗುವನ್ನು ಆ ಅಳತೆಗೆ ಸಿದ್ಧಮಾಡದೆ ನಿಲ್ಲಿಸಿ, ಆಮೇಲೆ ಸುಮ್ಮನಿದ್ದದ್ದು ಶಿಕ್ಷಕಿಯದು. ಹದಿನೈದು ದಿನ ಆ ಹುಡುಗಿ ಇಂಗ್ಲಿಷ್ ಅವಧಿಯಲ್ಲಿ ಬಾಯಿ ತೆರೆಯಲಿಲ್ಲ.

ಅಕ್ಷರದ ಹೆಸರುಗಳನ್ನು ಹಾಡಿನ ಮೂಲಕ ಕಲಿಸಲು ಒಂದು ವಾರ ಸಾಕಾಯಿತು. ಆರು ದನಿಗಳು ಗಟ್ಟಿಯಾದ ಮೇಲೆ ಹೆಸರನ್ನೂ ಜೊತೆಗೆ ಕೊಡಬಹುದು, ‘ಹೆಸರೇನು?’, ‘ದನಿಯೇನು?’ ಎಂದು ಬೇರೆಬೇರೆಯಾಗಿ ಕೇಳಿದರೆ ಮಕ್ಕಳಿಗೆ ಗೊಂದಲವಾಗುವುದಿಲ್ಲ. ಓದು ಬಂದಿದೆಯೇ ಎಂದು ತಿಳಿಯಲು ಅರ್ಥವಿಲ್ಲದ ಪದಗಳನ್ನು ಓದಿಸುವುದು ಒಳ್ಳೆಯದು. ಇಂಗ್ಲೆಂಡಿನಲ್ಲಿ 2012ರಿಂದ ಒಂದನೇ ವರ್ಷದ ಮಕ್ಕಳಿಗೆ ನಡೆಯುವ ಪರೀಕ್ಷೆಯ 40 ಪದಗಳಲ್ಲಿ 20 ಇಂಥವೇ. ಬಾಯಿಪಾಠ ಅಲ್ಲಿ ಕೈಕೊಡುತ್ತದೆ.

ಉಳಿದದ್ದು ಎರಡನೇ ವರ್ಷದ ಪಾಠ. ಸಣ್ಣಕ್ಷರ ಮೊದಲು, ದೊಡ್ಡಕ್ಷರ ಮಗುವಿನ ಹೆಸರು ಬರೆಯುವಾಗ. ಕನ್ನಡಿಯಲ್ಲಿ ಕಂಡಂತೆ ತಿರುಗುವ ಸಣ್ಣ ಬಿ, ಡಿಗಳನ್ನು ಒಂದೇ ವಾರ ಕಲಿಸಬಾರದು. ಎಸ್-ಎಚ್ ಸೇರಿ ‘ಶ್’, ಸಿ-ಎಚ್ ಸೇರಿ ‘ಚ್’ ಆಗುವುದು ಆಮೇಲೆ. ಪದದ ಕೊನೆಗೆ ಇ ಬಂದು ತಾನು ಸುಮ್ಮನಿದ್ದು ‘ಟ್ಯಾಪ್’ ಅನ್ನು ‘ಟೇಪ್’, ‘ಪಿನ್’ ಅನ್ನು ‘ಪೈನ್’ ಮಾಡುವುದು ಅದರ ನಂತರ. ‘ಸೆಡ್’, ‘ವಾಸ್’ ಮೊದಲಾದ ಪದಗಳು ಯಾವ ದನಿಯ ಲೆಕ್ಕಕ್ಕೂ ಸರಿಯಾಗಿ ಸಿಗುವುದಿಲ್ಲ. ಅವನ್ನು ರಟ್ಟಿನ ಚೀಟಿಯಲ್ಲಿ ಬರೆದು, ದಿನಕ್ಕೆ ಎರಡರಂತೆ ತೋರಿಸಿ, ಕಣ್ಣಿಗೆ ಅಭ್ಯಾಸ ಮಾಡಿಸಬೇಕು.