ಸೊಪ್ಪು ಸಗಣಿಯಲ್ಲ: ಸಸ್ಯಜನ್ಯ ಅನಿಲ ಕಲಿಸಿದ ಪಾಠ

ಸಗಣಿಯಿಂದ ಉರುವಲು ಪಡೆಯುವ ವಿದ್ಯೆ ಕರ್ನಾಟಕದ ಹಳ್ಳಿಗಳಿಗೆ ಗೋಬರ್ ಗ್ಯಾಸ್ ಎಂಬ ಹೆಸರಿನಲ್ಲಿ ಪರಿಚಿತವಾದದ್ದೇ ಆದರೂ, ಅದೇ ತೊಟ್ಟಿಗೆ ಹುಲ್ಲು, ಸೊಪ್ಪು, ಬಾಳೆದಿಂಡು ಹಾಕಿದರೂ ಅಷ್ಟೇ ಸಲೀಸಾಗಿ ಅನಿಲ ಬರುತ್ತದೆಂಬ ಎಣಿಕೆ ಅನುಭವದಲ್ಲಿ ನಿಂತಿಲ್ಲ. ಸೂಳೆಕೆರೆಯ ಸುತ್ತಲಿನ ಗದ್ದೆ, ಚನ್ನಗಿರಿಯ ಅಡಿಕೆ ತೋಟ, ಜಗಳೂರಿನ ಮೆಕ್ಕೆಜೋಳದ ಹೊಲಗಳಲ್ಲಿ ವರ್ಷವರ್ಷವೂ ಉಳಿಯುವ ಕಸ ಕಂಡವರಿಗೆ ಈ ಎಣಿಕೆ ಸಹಜವಾಗಿಯೇ ಬರುವುದರಿಂದ, ಹಿಂದಿನ ಪ್ರಯೋಗಗಳು ಕಲಿಸಿದ್ದನ್ನು ಮೊದಲು ನೋಡುವುದು ಒಳ್ಳೆಯದು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಮುದಾಯ ಸ್ಥಾವರವೊಂದನ್ನು ಕಟ್ಟಿದಾಗ, ಊರಿನ ಸಗಣಿಯೆಲ್ಲ ಸೇರಿದರೂ ಎಲ್ಲ ಮನೆಗಳ ಅಡುಗೆಗೆ ಸಾಲದೆಂಬುದು ತಿಳಿದುಬಂತು. ಆದ್ದರಿಂದ 1987ರಿಂದ ಆ ಅನಿಲವನ್ನು ಡೀಸೆಲ್ ಜೊತೆ ಎಂಜಿನ್ನಿಗೆ ಕೊಟ್ಟು ವಿದ್ಯುತ್ ಪಡೆದು, ಕುಡಿಯುವ ನೀರೆತ್ತಲು ಮತ್ತು ದೀಪ ಉರಿಸಲು ಬಳಸಲಾಯಿತು. ತೊಟ್ಟಿ ಕಟ್ಟುವ ಮೊದಲು ಕಚ್ಚಾವಸ್ತುವನ್ನು ಲೆಕ್ಕ ಹಾಕಬೇಕೆಂಬುದು ಇದರ ಮೊದಲ ಪಾಠವಾದರೆ, ಸಗಣಿಯಾಚೆಗೆ ಸೊಪ್ಪಿನತ್ತ ನೋಡಬೇಕಾದ ಕಾರಣವೂ ಇದರಲ್ಲೇ ಇದೆ.

ಸಗಣಿ ಎಂದರೆ ಹಸು ಮೊದಲೇ ಅಗಿದು, ಮೆಲುಕು ಹಾಕಿ, ಅರ್ಧ ಅರಗಿಸಿಕೊಟ್ಟ ಪದಾರ್ಥ. ಅದು ನೀರಿನಲ್ಲಿ ಕದಡುತ್ತದೆ. ಹುಲ್ಲು ಕದಡುವುದಿಲ್ಲ. ಅದರೊಳಗಿನ ಗಾಳಿಯೂ ಹೊಸದಾಗಿ ಹುಟ್ಟಿದ ಅನಿಲದ ಗುಳ್ಳೆಗಳೂ ಅದನ್ನು ಮೇಲಕ್ಕೆ ತೇಲಿಸುವುದರಿಂದ, ತೊಟ್ಟಿಯ ಬಾಯಲ್ಲಿ ಚಾಪೆಯಂತೆ ಗಟ್ಟಿಯಾದ ಪದರ ಕಟ್ಟಿ, ಕೆಳಗಿನ ಬಗ್ಗಡದ ಸಂಪರ್ಕವೇ ತಪ್ಪುತ್ತದೆ. ಎಳೆ ಸೊಪ್ಪಿನ ತೊಡಕು ಬೇರೆ: ಅದರ ಸಕ್ಕರೆ ಬೇಗನೆ ಆಮ್ಲವಾಗುತ್ತದೆ, ಆದರೆ ಆಮ್ಲವನ್ನು ಮೀಥೇನ್ ಎಂಬ ಉರಿಯುವ ಅನಿಲವಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ನಿಧಾನವಾಗಿ ಬೆಳೆಯುವಂಥವು, ಹುಳಿ ಹೆಚ್ಚಾದಾಗ ಅವು ಕೆಲಸ ನಿಲ್ಲಿಸಿ, ಬರುವ ಅನಿಲದಲ್ಲಿ ಇಂಗಾಲದ ಡೈಆಕ್ಸೈಡೇ ಹೆಚ್ಚಾಗಿ, ಕಡ್ಡಿ ಗೀರಿದರೂ ಒಲೆ ಹತ್ತುವುದಿಲ್ಲ. ಇದಕ್ಕೆ ಅಸ್ತ್ರದ ಸಂಶೋಧಕರು ಕಂಡುಕೊಂಡ ದಾರಿಯೆಂದರೆ, ಸೊಪ್ಪನ್ನು ಅರೆದು ಕದಡುವ ಹಟ ಬಿಟ್ಟು, ಒಂದು ತುದಿಯಿಂದ ಅದನ್ನು ಹಾಗೆಯೇ ತುಂಬುತ್ತ, ಮುಂದೆ ಮುಂದೆ ದೂಡಿ, ಕೊಳೆತದ್ದನ್ನು ಇನ್ನೊಂದು ತುದಿಯಿಂದ ತೆಗೆಯುವ ಉದ್ದನೆಯ ತೊಟ್ಟಿ.

ಯಾವ ಕಸ ಯೋಗ್ಯವೆಂಬುದೂ ಅಷ್ಟೇ ಮುಖ್ಯ. ಇಂಗಾಲ ಮತ್ತು ಸಾರಜನಕಗಳ ಪ್ರಮಾಣ 20ರಿಂದ 30ಕ್ಕೆ 1ರಂತಿದ್ದರೆ ಕೊಳೆಯುವಿಕೆ ಸರಾಗ. ಭತ್ತದ ಹುಲ್ಲಿನಲ್ಲಿ ಇಂಗಾಲ ಇದಕ್ಕಿಂತ ಬಹಳ ಹೆಚ್ಚಿರುವುದರಿಂದ ಸಗಣಿಯನ್ನೋ ಹಸಿರು ಸೊಪ್ಪನ್ನೋ ಬೆರೆಸಬೇಕಾಗುತ್ತದೆ. ರಾಶಿರಾಶಿಯಾಗಿ ಬೀಳುವ ಅಡಿಕೆ ಸಿಪ್ಪೆಯಲ್ಲಿ ಲಿಗ್ನಿನ್ ಎಂಬ ಮರದಂಥ ಅಂಶವಿದ್ದು, ಗಾಳಿಯಿಲ್ಲದ ತೊಟ್ಟಿಯಲ್ಲಿ ಅದು ಕರಗುವುದಿಲ್ಲ. ಅಡಿಕೆಯ ನಡುವೆ ಬೆಳೆದ ಬಾಳೆಯ ದಿಂಡಾದರೋ ಮೃದುವಾಗಿದ್ದು ಬೇಗ ಕೊಳೆಯುತ್ತದೆ.

ಇನ್ನು ಹುಲ್ಲು ಮತ್ತು ಸಪ್ಪೆ ದನಗಳ ಮೇವು; ಅಡಿಕೆಯ ಹಾಳೆ ತಟ್ಟೆಯಾಗುತ್ತದೆ, ಸೋಗೆ ತೋಟದ ಮುಚ್ಚಿಗೆಯಾಗುತ್ತದೆ. ಇವೆಲ್ಲ ಕಳೆದು ಉಳಿದದ್ದು ಮಾತ್ರ ತೊಟ್ಟಿಯ ಪಾಲು. ಅದೂ ಸುಗ್ಗಿಯಲ್ಲಿ ಒಮ್ಮೆಗೇ ಬಂದು ಬೇಸಿಗೆಯಲ್ಲಿ ಬರಿದಾಗುವಂಥದ್ದು. ತೊಟ್ಟಿಗೋ ಹಸುವಿನಂತೆ ದಿನವೂ ಮೇವು ಬೇಕು. ಆದಕಾರಣ ಸೂಳೆಕೆರೆ ಸೀಮೆಯಲ್ಲಿ ಇಂಥ ತೊಟ್ಟಿ ಕಟ್ಟುವವರು ಅದರ ಅಳತೆಯನ್ನು ಸುಗ್ಗಿಯ ರಾಶಿ ನೋಡಿ ನಿರ್ಧರಿಸದೆ, ಬೇಸಿಗೆಯ ಒಂದು ದಿನ ಕೈಗೆ ಸಿಗುವ ಸೊಪ್ಪನ್ನು ತೂಗಿ ನಿರ್ಧರಿಸುವುದು ಕ್ಷೇಮ.